ಒಂದು ಹನಿ ಹೆಪ್ಪು

ನೆಗಡಿ ಬಂದವನು ಅಂಗಡಿ ತೆರೆಯಬಾರದು. ಇದು ನಮ್ಮೂರಿನ ಕಟ್ಟುಪಾಡು. ಮೂಗು ಕಟ್ಟಿದ ಕೂಡಲೇ ಬಾಗಿಲಿಗೆ ಬಿಳಿ ಕರ್ಚೀಫು ಕಟ್ಟಿ, ಒಳಗೆ ಕೂತು, ವಾಸಿಯಾಗುವ ತನಕ ಯಾರಿಗೂ ಏನೂ ಕೊಡದೆ, ಯಾರಿಂದಲೂ ಏನೂ ತೆಗೆದುಕೊಳ್ಳದೆ ಇರಬೇಕು. ಇಪ್ಪತ್ತಾರು ವರ್ಷದಿಂದ ಬ್ಯಾಟರಿಯಲ್ಲಿ ರಸ ಕಾಯಿಸಿ ಆವಿ ಸೇದುವ ವೇಪು ತೊಳೆಯುವ ಅಂಗಡಿ ಇಟ್ಟಿರುವ ರಾಚಪ್ಪನೆಂಬ ನನಗೆ ಇದು ಗೊತ್ತಿಲ್ಲದ ಮಾತಲ್ಲ. ಆದರೂ ಆ ಸೋಮವಾರ ತೆರೆದೆ. ಯಾಕೆ ಅಂದರೆ ಹಠ, ಬೇರೆ ಏನೂ ಅಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಬಾಗಿಲು ಹಾಕಿದವನಲ್ಲ, ಒಂದು ಹಾಳು ನೆಗಡಿಗೆ ಹಾಕಲೇ? ಪಕ್ಕದ ಅಂಗಡಿಯ ದಸ್ತಗೀರ್, ವೇಪಿಗೆ ಹಾಕುವ ರಸ ಮಾರುವವನು, ಬೆಳಿಗ್ಗೆಯೇ ಇಣುಕಿ ನೋಡಿ "ಏನ್ ರಾಚಪ್ಪ, ಮೂಗು ಟೊಮೇಟೊ ಆಗೈತೆ" ಅಂದ. "ಸ್ಪಿರಿಟ್ಟು ಮೂಗಿಗೆ ಹೊಡೀತು" ಅಂದೆ. ಅವನು ನಂಬಿದ ಹಾಗೆ ಮಾಡಿದ.

ನಮ್ಮೂರಲ್ಲಿ ಮುಖ ನಿಲ್ಲುವುದಿಲ್ಲ. ಎದುರಿಗಿದ್ದಾಗ ಕಣ್ಣು, ಕಿವಿ, ಗಲ್ಲದ ಮಚ್ಚೆ ಎಲ್ಲ ಕಾಣುತ್ತದೆ. ಒಂದು ಸಲ ತಲೆ ತಿರುಗಿಸಿದರೆ ಮುಗಿಯಿತು, ಅಳಿಸಿಹೋಯಿತು. ದನಿಯೂ ಅಷ್ಟೇ. ಹೆತ್ತ ತಾಯಿಯದ್ದೂ ಅಷ್ಟೇ. ಹೊರಗಿನಿಂದ ಬಂದವರು "ಮತ್ತೆ ಹೆಂಗ್ರೀ ಬದುಕ್ತೀರಿ?" ಅಂತ ಬಾಯಿ ಬಿಡುತ್ತಾರೆ. ಬದುಕುತ್ತೇವೆ. ಹದಿನಾರು ತುಂಬಿದ ದಿನ ಮಕ್ಕಳ ಕೈಗೆ ಒಂದು ವೇಪು ಕೊಡುತ್ತೇವೆ. ಅದರ ಮೊದಲ ಕಾಯಿಲನ್ನು, ಅಂದರೆ ರಸ ಕಾಯಿಸುವ ತಂತಿಸುರುಳಿಯನ್ನು, ಒಡಹುಟ್ಟಿದವರು ಯಾರಾದರೂ ಸುತ್ತಿಕೊಡಬೇಕು. ತಾಯಿ ತನ್ನ ಟ್ಯಾಂಕಿನಿಂದ ಒಂದು ಹನಿ ಹೆಪ್ಪು ಹಾಕಿ, ಅದರ ಮೇಲೆ ಮಗುವಿಗೆ ಒಪ್ಪುವ ರಸ ತುಂಬುತ್ತಾಳೆ. ಶುಂಠಿಯೋ, ಪುದೀನವೋ, ಹುರಿಗಡಲೆಯೋ, ಅವಳ ಇಷ್ಟ. ಅಲ್ಲಿಂದ ಮುಂದೆ ಆ ಆವಿಯೇ ಆ ಮನುಷ್ಯನ ಗುರುತು. ಬೀದಿಯ ಆ ತುದಿಯಿಂದ ಓಂಕಾಳು-ಬೆಲ್ಲದ ವಾಸನೆ ಬಂದರೆ ರಾಚಪ್ಪ ಬಂದ ಅಂತ ಲೆಕ್ಕ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ. ನಾನು ಇಂಥವನು ಅಂತ ಯಾರು ಬೇಕಾದರೂ ಹೇಳಬಹುದಲ್ಲ.

ಅದಕ್ಕೇ ವೇಪು ತೊಳೆಯುವುದು ಸುಮ್ಮನೆ ಲೋಟ ತೊಳೆದ ಹಾಗಲ್ಲ. ಟ್ಯಾಂಕು ಬಿಚ್ಚಿದ ಕೂಡಲೇ ಹಳೆಯ ರಸ ಒಂದಿಷ್ಟು ಹೆಪ್ಪಿನ ಬಟ್ಟಲಿಗೆ ಎತ್ತಿಡಬೇಕು. ಆಮೇಲೆ ಕರಿಹತ್ತಿ ಎಳೆದು ಬಿಸಾಕು, ಗಾಜು ಬಿಸಿನೀರಲ್ಲಿ ನೆನೆಹಾಕು, ಕಾಯಿಲನ್ನು ಬ್ಯಾಟರಿಗೆ ಕೂಡಿಸಿ ಬಿಟ್ಟು ಬಿಟ್ಟು ಗುಂಡಿ ಒತ್ತು. ಕೆಂಪಗೆ ಕಾದು ಮಸಿ ಬೂದಿಯಾಗಿ ಉದುರುತ್ತದೆ. ನಡುವಿನಿಂದ ಶುರುವಾಗಿ ಎರಡೂ ಕಡೆಗೆ ಸಮನಾಗಿ ಕೆಂಪೇರಬೇಕು, ಇಲ್ಲದಿದ್ದರೆ ಚಿಮಟದಲ್ಲಿ ಮೆಲ್ಲಗೆ ಅದುಮಿ ಸರಿಮಾಡಬೇಕು. ನೀರಲ್ಲಿ ಅದ್ದಿ ಸಣ್ಣ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಹೊಸ ಹತ್ತಿ ತೂರಿಸಬೇಕು. ಬಿಗಿಯಾದರೆ ರಸ ಹೀರುವುದಿಲ್ಲ, ಸಡಿಲವಾದರೆ ಸೋರುತ್ತದೆ. ಕೊನೆಗೆ ಬಟ್ಟಲಿನಿಂದ ಒಂದು ಹನಿ ಹೆಪ್ಪು ಹತ್ತಿಗೆ ತಾಗಿಸಿ, ಆಮೇಲೆ ಹೊಸ ರಸ. ಹೆಪ್ಪು ತಪ್ಪಿದರೆ ಬರುವುದು ಯಾರದ್ದೂ ಅಲ್ಲದ ಬರೀ ಆವಿ.

ಆ ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಹಸಿರು ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಚೀಲದಿಂದ ವೇಪು ತೆಗೆದು ಮೇಜಿನ ಮೇಲಿಟ್ಟು, "ಸುಟ್ಟ ರುಚಿ ಬರ್ತೈತೆ. ಆವೀನೇ ಏಳ್ತಿಲ್ಲ. ಸ್ವಲ್ಪ ಚೆನ್ನಾಗಿ ತೊಳ್ಕೊಡಿ, ಇವತ್ತು ಅವ್ವನ್ನ ನೋಡ್ಬೇಕು" ಅಂದಳು.

"ಎಷ್ಟು ದಿನ ಆಯ್ತವ್ವ ತೊಳ್ದು?"

"ಬಹಳ ದಿನ ಆಯ್ತು. ದಿನಾ ಸೇದೋದಿಲ್ಲ ನಾನು. ವರ್ಷಕ್ಕೊಂದ್ಸಲ, ಗೌರಿ ಹಬ್ಬದ ದಿನ ಮಾತ್ರ."

ಊರಲ್ಲಿರುವವರು ವರ್ಷಕ್ಕೊಂದು ಸಲ ಸೇದಿದರೆ ಹೆಂಡತಿ ಮಕ್ಕಳಿಗೂ ಗುರುತು ಸಿಗುವುದಿಲ್ಲ. ಎಲ್ಲೋ ಹೊರಗಿದ್ದು ಬಂದಿರಬೇಕು ಅಂದುಕೊಂಡು ಟ್ಯಾಂಕು ಬಿಚ್ಚಿದೆ. ಇಲ್ಲಿಯೇ ನನ್ನ ಗ್ರಹಚಾರ ಕೆಟ್ಟಿತು. ಬೇರೆ ದಿನ ಟ್ಯಾಂಕು ಬಿಚ್ಚಿದರೆ ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತದೆ, ಹೊಡೆದ ಕೂಡಲೇ ಕೈ ತಾನಾಗಿ ಹೆಪ್ಪಿನ ಬಟ್ಟಲಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷ ಕೈ ಹಾಗೇ ಕಲಿತಿತ್ತು. ಅವತ್ತು ಮೂಗಿಗೆ ಏನೂ ತಾಗಲಿಲ್ಲ. ಕೈಯೂ ಹೋಗಲಿಲ್ಲ. ಹಳೆಯ ರಸ ಅಷ್ಟನ್ನೂ ಮುಸುರೆ ಬಕೆಟ್ಟಿಗೆ ಸುರಿದೆ. ಹತ್ತಿ ಎಳೆದು ಅದಕ್ಕೇ ಹಾಕಿದೆ. ಗಾಜು, ರಬ್ಬರ್ ಉಂಗುರ ಎಲ್ಲ ಸ್ಪಿರಿಟ್ಟಿನಲ್ಲಿ ತಿಕ್ಕಿದೆ. ತಲೆ ಧಿಮ್ಮೆನ್ನುತ್ತಿತ್ತು.

ಕಾಯಿಲ್ ಕಾಯಿಸಿದೆ. ಮಸಿ ಉದುರಿ ತಂತಿ ಕಾಣಿಸಿದ ಮೇಲೆ ನಗು ಬಂತು. ಏಳು ಸುತ್ತು. ಆರು ಸಾಕಾಗುವಲ್ಲಿ ಯಾರಾದರೂ ಏಳು ಸುತ್ತು ಸುತ್ತುತ್ತಾರಾ? ಅದೂ ಉಲ್ಟಾ. ಎಲ್ಲರೂ ಎಡದಿಂದ ಬಲಕ್ಕೆ ಸುತ್ತಿದರೆ ಇದು ಬಲದಿಂದ ಎಡಕ್ಕೆ. ನಾಲ್ಕನೇ ಸುತ್ತು ಮೂರನೆಯದರ ಮೇಲೆ ಹತ್ತಿ ಕೂತಿತ್ತು.

"ಯಾವ ಪೆದ್ದ ನನ್ಮಗ ಸುತ್ತಿದ್ದವ್ವ ಇದನ್ನ?"

"ನಮ್ಮಣ್ಣ" ಅಂದಳು.

"ಬೇರೆ ಕೆಲಸ ನೋಡ್ಕೋ ಅಂತ ಹೇಳು ನಿಮ್ಮಣ್ಣನಿಗೆ."

ಅವಳು ನನ್ನನ್ನೇ ನೋಡುತ್ತಿದ್ದಳು, ನನ್ನ ಬಾಯನ್ನು. ಏನನ್ನೋ ಕಾಯುವ ಹಾಗೆ. ಬಾಯಲ್ಲಿ ಏನಾದರೂ ಅಂಟಿದೆಯೇನೋ ಅಂತ ಒರೆಸಿಕೊಂಡೆ. ತಂತಿ ಸವೆದು ಹೋಗಿದ್ದರಿಂದ ಆ ಕಾಯಿಲನ್ನು ತಗಡಿನ ಡಬ್ಬಿಗೆ ಎಸೆದು ಹೊಸದು ಸುತ್ತಿ ಕೂಡಿಸಿದೆ. ಹತ್ತಿ ತೂರಿಸಿದೆ, ಸಪ್ಪೆ ರಸ ತುಂಬಿದೆ, ಕೊಟ್ಟೆ.

ಅವಳು ಒಂದು ದಮ್ಮು ಎಳೆದು ಬಿಟ್ಟಳು. ದಂಡಿಯಾಗಿ ಬಿಳಿ ಆವಿ ಎದ್ದಿತು. ಕೆಲಸ ಚೆನ್ನಾಗಿದೆ ಅಂತ ನಾನು ಹೆಮ್ಮೆಪಡುತ್ತಿರುವಾಗಲೇ ಅವಳ ಮುಖ ಬಿದ್ದುಹೋಯಿತು. ಇನ್ನೊಂದು ಎಳೆದಳು. ಮತ್ತೊಂದು.

"ಹೆಪ್ಪು ಹಾಕ್ಲಿಲ್ವಾ?" ಅಂದಳು.

ನಾನು ಬಟ್ಟಲು ನೋಡಿದೆ. ಬಟ್ಟಲು ಒಣಗಿತ್ತು.

"ಅಯ್ಯೋ ಪಾಪಿ, ಹತ್ತೊಂಬತ್ತು ವರ್ಷ ಕಾಪಾಡ್ಕೊಂಡ್ ಬಂದೆನಲ್ಲೋ ಇದನ್ನ! ಅವ್ವನ ಮುಂದೆ ಈಗ ಏನ್ ಬಿಡ್ಲಿ ನಾನು?" ಅಂತ ಹಣೆ ಬಡಿದುಕೊಂಡಳು.

"ಯಾರವ್ವ ನಿಮ್ಮವ್ವ?"

"ನಿಂಗಾಜಮ್ಮ. ಬಾವಿ ಬೀದಿ ನಿಂಗಾಜಮ್ಮ. ನಾನು ಮಗಳು, ಪುಟ್ಟತಾಯಿ."

ಬಾವಿ ಬೀದಿಯ ನಿಂಗಾಜಮ್ಮ ನನ್ನ ಅವ್ವ.

ನನಗೆ ಪುಟ್ಟತಾಯಿ ಅಂತ ಒಬ್ಬ ತಂಗಿ ಇದ್ದದ್ದು ನಿಜ. ಹತ್ತೊಂಬತ್ತು ವರ್ಷದ ಹಿಂದೆ ಗಾಜಿನ ಲೋಡು ತರುತ್ತಿದ್ದ ಲಾರಿ ಡ್ರೈವರನ ಜೊತೆ ಹೋದವಳು. ಆದರೆ ಅದಕ್ಕಿಂತ ದೊಡ್ಡ ಪೀಕಲಾಟ ಬೇರೆ ಇತ್ತು. ಎರಡು ವರ್ಷದ ಹಿಂದೆ ಇನ್ನೊಬ್ಬಳು ಬಂದಿದ್ದಳು. ಹೀಗೇ ಚೀಲ ಹಿಡಿದು, ಹೀಗೇ ಕಣ್ಣೀರು ಹಾಕಿ, ಪುಟ್ಟತಾಯಿ ಅಂದಳು. ಎಲ್ಲಿಯೋ ಕಲಸಿ ತಂದ ಆವಿ ಬಿಟ್ಟಳು. ಅವ್ವ ಹನ್ನೊಂದು ದಿನ ಎಣ್ಣೆ ನೀರು ಹಾಕಿ, ಹೋಳಿಗೆ ಮಾಡಿ ಹಾಕಿದಳು. ಹನ್ನೆರಡನೇ ದಿನ ಅವಳೂ ಇಲ್ಲ, ಅವ್ವನ ಓಲೆಯೂ ಇಲ್ಲ. ಓಲೆ ಹೋದದ್ದಕ್ಕೆ ಅವ್ವ ಅಳಲಿಲ್ಲ. ಬೇರೆ ಯಾರನ್ನೋ ತಬ್ಬಿಕೊಂಡು ಮಲಗಿದ್ದೆನಲ್ಲಾ ಅಂತ ಅತ್ತಳು, ಮೂರು ತಿಂಗಳು ಹಾಸಿಗೆ ಹಿಡಿದಳು. ಎದ್ದ ಮೇಲೆ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಹಳೇ ಆವಿ ಇಲ್ಲದೆ ಯಾರನ್ನೂ ಮಗಳು ಅಂತ ಮನೆ ಬಾಗಿಲಿಗೆ ತರಕೂಡದು ಅಂತ.

ಈಗ ಇವಳು ಯಾರು? ನಿಜವಾದ ತಂಗಿಯಾದರೆ ಅವಳ ಗುರುತನ್ನು ನನ್ನ ಕೈಯಾರೆ ತೊಳೆದು ಬಕೆಟ್ಟಿಗೆ ಸುರಿದಿದ್ದೇನೆ. ಕಳ್ಳಿಯಾದರೆ ಒಳ್ಳೆಯದೇ ಆಯಿತು. ಯಾವುದು ಅಂತ ತಿಳಿಯುವ ದಾರಿಯನ್ನೂ ನಾನೇ ತೊಳೆದಿದ್ದೆ.

"ನಾನೇ ರಾಚಪ್ಪ" ಅಂದೆ, ತಡೆಯಲಾಗದೆ.

ಅವಳು ಅಳು ನಿಲ್ಲಿಸಿದಳು. "ತೊಳೆಯೋ ಅಂಗ್ಡಿ ಇನ್ನೂ ಅಣ್ಣಂದೇ ಅಂತ ಬಸ್‌ಸ್ಟ್ಯಾಂಡಲ್ಲಿ ಅಂದ್ರು. ನೀವೇನಾ ಅಂತ ಅವಾಗಿಂದ ಕಾಯ್ತಾ ಇದೀನಿ. ಒಂದ್ಸಲನೂ ಸೇದ್ಲಿಲ್ಲ ನೀವು. ಎಲ್ಲಿ, ಬಿಡಿ ನೋಡೋಣ."

ಕೆಮ್ಮಿನ ಭಯಕ್ಕೆ ಬೆಳಿಗ್ಗೆಯಿಂದ ನಾನು ವೇಪು ಮುಟ್ಟಿರಲಿಲ್ಲ. ಎಳೆದೆ, ಬಿಟ್ಟೆ, ಕರುಳು ಬಾಯಿಗೆ ಬರುವ ಹಾಗೆ ಕೆಮ್ಮಿದೆ. ಅವಳು ಆ ಆವಿಯೊಳಗೆ ಮುಖ ಇಟ್ಟು "ಅಣ್ಣಾ" ಅಂತ ಜೋರಾಗಿ ಅತ್ತುಬಿಟ್ಟಳು. ಅವಳಿಗೆ ಗುರುತು ಸಿಕ್ಕಿತು. ನನಗೆ ಸಿಗಲಿಲ್ಲ. ನನ್ನ ಆವಿ ಊರಿಗೆಲ್ಲ ಗೊತ್ತು, ಇವಳಿಗೆ ಯಾರಾದರೂ ಹೇಳಿಕೊಟ್ಟಿರಬಹುದಲ್ಲ? ನಿಜ ಹೇಳುತ್ತೇನೆ, ಆ ಅಳುವನ್ನು ಕೇಳಿಯೂ ಒಂದು ಕೈ ಅವಳ ತಲೆಯ ಮೇಲೆ ಇಡಲು ಆಗಲಿಲ್ಲ.

ಪ್ರಶ್ನೆ ಕೇಳಿದೆ. ನಮ್ಮ ಮನೆಯಲ್ಲಿದ್ದ ಕೋಳಿ ಯಾವ ಬಣ್ಣ? ಕರಿ ಅಂದಳು. ನನಗೆ ಬಿಳಿ ಅಂತ ನೆನಪು. ಅಪ್ಪ ಸತ್ತ ದಿನ ಯಾರು ಬುತ್ತಿ ತಂದರು? ಮಾವ ಅಂದಳು. ಅದು ಸರಿ. ನೀನು ಬಿದ್ದು ಹಲ್ಲು ಮುರಿದುಕೊಂಡದ್ದು ಎಲ್ಲಿ? "ನಾನ್ಯಾವಾಗ ಮುರ್ಕೊಂಡೆ? ಅದು ನೀನಲ್ವೇನಣ್ಣ?" ಅಂದಳು. ಬಾಯಿಯೊಳಗೆ ನಾಲಿಗೆ ಆಡಿಸಿ ನೋಡಿಕೊಂಡೆ. ಮುಂದಿನ ಒಂದು ಹಲ್ಲು ಮೊಂಡಾಗಿಯೇ ಇತ್ತು. ತಲೆ ಇನ್ನಷ್ಟು ಕೆಟ್ಟುಹೋಯಿತು.

ಗದ್ದಲ ಕೇಳಿ ದಸ್ತಗೀರ್ ಬಂದ. ವಿಷಯ ತಿಳಿದು, ಗಡ್ಡ ಕೆರೆದುಕೊಂಡು, "ಪುಟ್ಟತಾಯಮ್ಮಂದು ಸೋಗದೇಬೇರು, ಮೇಲೆ ಕಬ್ಬಿನಹಾಲು. ನಮ್ಮಪ್ಪಂತಾವ್ಲೇ ನಿಮ್ಮವ್ವ ರಸ ಕೊಂಡಿದ್ದು, ನಂಗೆ ನೆನಪೈತೆ. ಅರ್ಧ ಗಂಟೆ ಕೊಡಿ, ಹಂಗೇ ಕಲಸಿ ಕೊಡ್ತೀನಿ. ಅಜ್ಜಿಗೇನ್ ಗೊತ್ತಾಯ್ತದೆ?" ಅಂದ.

ನನಗೂ ಆ ಕ್ಷಣ ಸರಿ ಅನಿಸಿತು. ಅವಳ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬ್ಯಾಡಣ್ಣ. ನಮ್ಮವ್ವನ ಮುಂದೆ ನಿಂತು ನಾನೇ ನಾನು ಅಂತ ನಾಟಕ ಆಡ್ಲಾ?" ಅಂದಳು.

ಅಷ್ಟರಲ್ಲಿ ಅವ್ವನೇ ಬಂದಳು. ನನ್ನ ನೆಗಡಿ ಮನೆಯಲ್ಲಿ ಗೊತ್ತಿತ್ತಲ್ಲ, ಬೈದುಕೊಂಡೇ ಮೆಣಸಿನ ಕಷಾಯ ಕಾಸಿ, ಸ್ಟೀಲಿನ ಹಿಡಿಕೆ ಪಾತ್ರೆಯಲ್ಲಿ ತಂದಿದ್ದಳು. ನಾನು ಮುಚ್ಚಿಡಲಿಲ್ಲ. ಎಲ್ಲ ಹೇಳಿದೆ. ಅವ್ವ ಪಾತ್ರೆಯನ್ನು ಮೇಜಿನ ಮೇಲಿಟ್ಟು ಆ ಹೆಂಗಸಿನ ಹತ್ತಿರ ಹೋಗಿ ನಿಂತಳು. "ಬಿಡು" ಅಂದಳು. ಅವಳು ಬಿಟ್ಟಳು. ಬರೀ ಆವಿ. ಅವ್ವ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹತ್ತಿಯ ಉಂಡೆಗಳನ್ನು ಒಂದೊಂದಾಗಿ ಎತ್ತಿ ಮೂಸಿದಳು. ಎಪ್ಪತ್ತೊಂದು ವರ್ಷದ ಬೆರಳುಗಳು ಕರ್ರಗಾದವು.

"ಎಲ್ಲಾ ಒಂದ್ರಲ್ಲೊಂದು ಬೆರೆತೋಗೈತೆ ಕಣ್ಲಾ. ಇಡೀ ಊರೇ ಐತೆ ಇದ್ರಲ್ಲಿ. ನನ್ ಮಗಳು ಯಾವ ಮೂಲೇಲಿದಾಳೆ ಅಂತ ಹುಡುಕ್ಲಿ?"

ಆ ಹೆಂಗಸು "ಅವ್ವಾ" ಅಂತ ಮುಂದೆ ಬಂದಳು. ಅವ್ವ ಎರಡೂ ಕೈ ಅಡ್ಡ ಹಿಡಿದಳು. "ತಪ್ಪು ತಿಳ್ಕೋಬ್ಯಾಡ ಕಣವ್ವ. ನೀನು ನನ್ ಮಗಳೇ ಆಗಿದ್ರೆ ನಿನ್ ಕಾಲಿಗೆ ಬೀಳ್ತೀನಿ. ಆದ್ರೆ ಇನ್ನೊಂದ್ಸಲ ತಪ್ಪು ಮಾಡಿದ್ರೆ ನಾನು ಬದುಕಲ್ಲ" ಅಂದು, ಕಣ್ಣು ಒರೆಸಿಕೊಳ್ಳುತ್ತ ಹೋಗಿಬಿಟ್ಟಳು. ಕಷಾಯದ ಪಾತ್ರೆ ಅಲ್ಲೇ ಉಳಿಯಿತು.

ಆ ಹೆಂಗಸು ವೇಪನ್ನು ಚೀಲಕ್ಕೆ ಹಾಕಿಕೊಂಡಳು. "ಎರಡು ಗಂಟೆಗೆ ಬಸ್ಸೈತೆ. ಅವ್ವನ್ನ ಚೆನ್ನಾಗಿ ನೋಡ್ಕೋ ಅಣ್ಣ" ಅಂದಳು. ಅವಳು ಇಳಿದು ಹೋದಳು. ತಿರುವಿನಲ್ಲಿ ಮರೆಯಾದ ಮರುಕ್ಷಣ ಅವಳ ಮುಖವೂ ಹೋಯಿತು.

ಏನು ಮಾಡಬೇಕೋ ತೋಚದೆ ಮೇಜು ಒರೆಸತೊಡಗಿದೆ. ತಗಡಿನ ಡಬ್ಬಿ ಎತ್ತುವಾಗ ಆ ಪೆದ್ದ ಕಾಯಿಲ್ ಕಣ್ಣಿಗೆ ಬಿತ್ತು. ಏಳು ಸುತ್ತು, ಉಲ್ಟಾ. ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸಿದೆ. ಉಲ್ಟಾ ಸುತ್ತುವವನು ಎಡಗೈಯವನೇ ಇರಬೇಕು. ನಾನೂ ಹುಟ್ಟಾ ಎಡಗೈಯವನೇ. ಕೆಲಸ ಕಲಿಸಿದ ಯಜಮಾನರು ಬೆರಳಿನ ಗೆಣ್ಣಿಗೆ ಹೊಡೆದು ಹೊಡೆದು ಬಲಗೈ ರೂಢಿ ಮಾಡಿಸಿದ್ದರು. ಅದಕ್ಕೆ ಮುಂಚೆ ಹೇಗೆ ಸುತ್ತುತ್ತಿದ್ದೆನೋ ನನಗೇ ಮರೆತುಹೋಗಿತ್ತು.

ಒಂದು ಗೇಣು ತಂತಿ ಕತ್ತರಿಸಿದೆ. ಎಡಗೈಗೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಕಡ್ಡಿಗೆ ಸುತ್ತುತ್ತ ಹೋದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಹೆಬ್ಬೆರಳು ಜಾರಿತು. ಸಣ್ಣವನಿದ್ದಾಗ ಕತ್ತಿ ತಾಗಿ ಆ ಬೆರಳ ತುದಿ ಸೊಟ್ಟಗಿದೆ, ತಂತಿಯನ್ನು ಸರಿಯಾಗಿ ಒತ್ತಲು ಆಗುವುದಿಲ್ಲ. ಜಾರಿದ್ದನ್ನು ಮುಚ್ಚಿಕೊಳ್ಳಲು ಇನ್ನೊಂದು ಸುತ್ತು ಹೆಚ್ಚಾಗಿ ಹಾಕಿದೆ. ಕಣ್ಣು ಬಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟೆ. ಏಳು ಸುತ್ತು, ಏಳು ಸುತ್ತು. ನಾಲ್ಕನೆಯದು ಮೂರನೆಯದರ ಮೇಲೆ, ಎರಡರಲ್ಲೂ.

ಅವಳಿಗೆ ಹದಿನಾರು ತುಂಬಿದ ದಿನ ಅದನ್ನು ಸುತ್ತಿಕೊಟ್ಟ ಆ ಪೆದ್ದ ನನ್ಮಗ ನಾನೇ. ಹತ್ತೊಂಬತ್ತು ವರ್ಷ ನನ್ನ ಸೊಟ್ಟ ಬೆರಳನ್ನು ಚೀಲದಲ್ಲಿ ಇಟ್ಟುಕೊಂಡು ತಿರುಗಿದ್ದಾಳೆ, ನಾನು ಬೇರೆ ಕೆಲಸ ನೋಡ್ಕೋ ಅಂದಿದ್ದೇನೆ.

ಎರಡು ಕಾಯಿಲನ್ನೂ ಜೇಬಿಗೆ ಹಾಕಿಕೊಂಡು ಅಂಗಡಿ ಹಾಗೇ ಬಿಟ್ಟು ಓಡಿದೆ. ಬಸ್‌ಸ್ಟ್ಯಾಂಡು ತಲುಪಿದಾಗ ಎರಡಕ್ಕೆ ಐದು ನಿಮಿಷ. ತಲುಪಿದ ಮೇಲೆ ನನ್ನ ಬುದ್ಧಿಗೇಡಿತನ ಗೊತ್ತಾಯಿತು. ಮೂರು ಬಸ್ಸು, ನೂರಾರು ಜನ. ಹಸಿರು ಸೀರೆಯುಟ್ಟವರೇ ಹನ್ನೆರಡು ಹೆಂಗಸರು. ಅವಳ ಮುಖ ನೆನಪಿಲ್ಲ. ಅವಳಿಗೆ ಆವಿ ಇಲ್ಲ, ನನಗೆ ಮೂಗಿಲ್ಲ. "ಪುಟ್ಟತಾಯೀ!" ಅಂತ ಕೂಗಿದೆ. ನಾಲ್ಕು ಜನ ತಿರುಗಿ ನೋಡಿದರು. ಕಳ್ಳಿಯರೂ ತಿರುಗಬಹುದಲ್ಲ ಅಂತ ಸುಮ್ಮನಾದೆ. ಬಸ್ಸು ಸ್ಟಾರ್ಟ್ ಆಯಿತು.

ಅವಳನ್ನು ಹುಡುಕುವುದು ನನ್ನಿಂದ ಆಗದ ಕೆಲಸ. ನನ್ನನ್ನು ಹುಡುಕುವುದು ಅವಳಿಂದ ಆಗುತ್ತದೆ. ವೇಪು ತೆಗೆದು ಎಳೆಯತೊಡಗಿದೆ. ಎಳೆದೆ, ಬಿಟ್ಟೆ, ಕೆಮ್ಮಿದೆ, ಮತ್ತೆ ಎಳೆದೆ. ಒಂದೊಂದು ಕಿಟಕಿಯ ಕೆಳಗೂ ನಿಂತು ಒಳಗೆ ಊದಿದೆ. "ರಾಚಪ್ಪಂಗೆ ನೆಗಡಿ ಕಣ್ರೋ! ನೆಗಡಿ ಇಟ್ಕೊಂಡು ಅಂಗ್ಡಿ ತೆಗೆದವ್ನೆ!" ಅಂತ ಯಾರೋ ಕೂಗಿದರು. ಇಪ್ಪತ್ತಾರು ವರ್ಷದ ಮಾನ ಹೋಯಿತು. ಹೋಗಲಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಟ್ಯಾಂಕು ತಳ ಕಂಡಿತ್ತು, ಹತ್ತಿ ಸುಟ್ಟು ಗಂಟಲು ಕಮರುತ್ತಿತ್ತು. ಮೂರನೇ ಬಸ್ಸಿನ ಹಿಂದಿನ ಕಿಟಕಿಯಿಂದ ಒಂದು ಕೈ ಬಂದು ನನ್ನ ವೇಪನ್ನು ಕಿತ್ತುಕೊಂಡಿತು.

"ಸಾಕು ನಿಲ್ಸಣ್ಣ, ಸತ್ತೋಗ್ತೀಯ."

ಏದುಸಿರಿನಲ್ಲೇ ಕೇಳಿದೆ. "ಆ ಕಾಯಿಲ್ ಯಾರು ಸುತ್ತಿದ್ದು ಅಂದೆ?"

"ನಮ್ಮಣ್ಣ. ಪೆದ್ದ ನನ್ಮಗ ಅಂತ ನೀನೇ ಅಂದ್ಯಲ್ಲ."

ಮನೆಯ ಹೊಸ್ತಿಲಲ್ಲಿ ಅವಳನ್ನು ನಿಲ್ಲಿಸಿ, ನಾನೊಬ್ಬನೇ ಒಳಗೆ ಹೋಗಿ ಎರಡು ಕಾಯಿಲನ್ನೂ ಅವ್ವನ ಅಂಗೈಗೆ ಹಾಕಿದೆ. ಅವಳ ಕಣ್ಣಿಗೆ ಅಷ್ಟು ಸಣ್ಣದು ಕಾಣುವುದಿಲ್ಲ, ಬೆರಳಲ್ಲಿ ತಡವಿದಳು. ಮೂಸಿದಳು. "ತಂತಿಗೇನ್ ವಾಸನೆ ಐತ್ಲಾ?" ಅಂದಳು.

"ಇಲ್ಲ ಕಣವ್ವ. ಆದ್ರೆ ಇದು ನನ್ ಕೈ. ಎರಡೂ ನನ್ ಕೈ. ಬೇರೆ ಯಾರ ಕೈಲೂ ಇಷ್ಟು ಕೆಟ್ಟದಾಗಿ ಸುತ್ತೋಕಾಗಲ್ಲ."

ಅವ್ವ ಬಹಳ ಹೊತ್ತು ತಡವುತ್ತ ಕೂತಳು. ಎದ್ದು, ಗೂಡಿನಿಂದ ತನ್ನ ವೇಪು ತೆಗೆದು, ಟ್ಯಾಂಕು ಬಿಚ್ಚಿದಳು. ಹೊಸ್ತಿಲ ಕಡೆಗೆ ಮುಖ ಮಾಡಿ ಗದರಿದಳು. "ಹದಿನಾರು ತುಂಬಿದಾಗ ಒಂದ್ಸಲ ಕೊಟ್ಟಿದ್ದೆ. ಇನ್ನೊಂದ್ಸಲ ಕೊಟ್ರೆ ನನ್ ಗಂಟೇನ್ ಹೋಯ್ತದೆ? ಒಳಗ್ ಬಾ. ತಾ ನಿಂದು." ಪುಟ್ಟತಾಯಿಯ ಹತ್ತಿಗೆ ತನ್ನ ಲವಂಗದ ರಸದ ಒಂದು ಹನಿ ಹಾಕುವಾಗ ಅವ್ವನ ಕೈ ತಪ್ಪಿ ಮೂರು ಹನಿ ಬಿತ್ತು, ಮೇಲೆ ಬೇರೆ ರಸ ತುಂಬಲಿಲ್ಲ.

ಅಂಗಡಿಯ ಬಾಗಿಲಿಗೆ ಬಿಳಿ ಕರ್ಚೀಫು ಕಟ್ಟಿ ಒಂಬತ್ತು ದಿನ ಅದರೊಳಗೇ ಇದ್ದೆ. ಹತ್ತನೇ ದಿನ ಮೂಗು ಬಿಟ್ಟಿತು. ಅವತ್ತು ತೆರೆದ ಅಂಗಡಿಯನ್ನು ಸಂಜೆ ಮುಚ್ಚಿ ಬಂದು ಮನೆಯ ಹೊಸ್ತಿಲಲ್ಲಿ ನಿಂತೆ. ಅಡುಗೆಮನೆಯಿಂದ ಆವಿ ಬಂತು, ಅವ್ವನ ಲವಂಗದ್ದು. ಹಿಂದೆಯೇ ಇನ್ನೊಂದು ಬಂತು, ಅದೂ ಲವಂಗದ್ದೇ. ಸೋಗದೇಬೇರು ಎಲ್ಲೂ ಇರಲಿಲ್ಲ. ಅದನ್ನು ನಾನು ತೊಳೆದಾಗಿತ್ತು. ಒಳಗಿನಿಂದ ಯಾರೋ "ಬಂದ್ಯಾ? ಕೈಕಾಲು ತೊಳ್ಕೋ, ಊಟಕ್ಕೆ ಬಾ" ಅಂದರು. ಕರೆದದ್ದು ಅವ್ವನೋ ತಂಗಿಯೋ ತಿಳಿಯಲಿಲ್ಲ. ಇವತ್ತಿಗೂ ತಿಳಿಯುವುದಿಲ್ಲ. ಬಂದೆ ಅಂತ ಇಬ್ಬರಿಗೂ ಸೇರಿಸಿ ಒಂದೇ ಸಲ ಹೇಳುತ್ತೇನೆ.